ಮೋರಿಸ್ ಮೈನರ್ 1000: ಎಷ್ಟು ಬ್ಲೀಡ್ ಮಾಡಿದರೂ ಬ್ರೇಕ್ ಲೈನಿನ ಏರ್ ಹೋಗ್ತಿಲ್ಲ

ಮೈನರ್_59_ಮೈಸೂರು

ಗಾಡಿ 1959ರ ಮೈನರ್ 1000 (ಹಳೇ ಬ್ರಿಟಿಷ್ ಕಾರು), 948 ಸಿಸಿ, ನಾಲ್ಕೂ ಕಡೆ 7 ಇಂಚಿನ ಡ್ರಮ್ ಬ್ರೇಕ್. ಎಣ್ಣೆ ಒತ್ತಡದಿಂದ ಶೂ ತಳ್ಳೋ ವೀಲ್ ಸಿಲಿಂಡರ್ ಆರೂ ಹೊಸದು (ಮುಂದೆ ಚಕ್ರಕ್ಕೆ ಎರಡು, ಹಿಂದೆ ಒಂದೊಂದು). ಮೂರು ರಬ್ಬರ್ ಹೋಸ್, ಎಲ್ಲ ಪೈಪು, ಶೂ (ಡ್ರಮ್ಮಿಗೆ ಒತ್ತಿ ಚಕ್ರ ನಿಲ್ಲಿಸೋದು), ಮಾಸ್ಟರ್ ಸಿಲಿಂಡರ್ (ಪೆಡಲ್ ತುಳಿದಾಗ ಎಣ್ಣೆ ತಳ್ಳೋದು) ಕೂಡ ಹೊಸದು. ಬ್ರೇಕ್ ಎಣ್ಣೆ ಡಾಟ್ 4 ದರ್ಜೆಯದ್ದು.

ಮೊದಲ ಸಲ ತುಳಿದಾಗ ಪೆಡಲ್ ಮುಕ್ಕಾಲು ಭಾಗ ಒಳಗೆ ಹೋಗುತ್ತೆ. ಬೇಗ ಬೇಗ ಮೂರು ಸಲ ತುಳಿದರೆ ಮೇಲೆ ಬರುತ್ತೆ, ಆದರೆ ಕಾಲಿಗೆ ಮೆತ್ತಗೆ. ಒಂದು ಗಂಟೆ ಬಿಟ್ಟು ನೋಡಿದರೆ ಮತ್ತೆ ಕೆಳಗೆ. ಕೆಳಗೆ ಪೇಪರ್ ಹಾಸಿ ರಾತ್ರಿ ಪೂರ್ತಿ ಬಿಟ್ಟರೂ ಒಂದು ಹನಿ ಬಿದ್ದಿಲ್ಲ. ಬ್ಲೀಡ್ ಮಾಡಲಿಕ್ಕೆ, ಅಂದರೆ ಎಣ್ಣೆ ಹರಿಸಿ ಲೈನಿನ ಏರ್ ಹೊರಹಾಕಲಿಕ್ಕೆ, ಕೈ ವ್ಯಾಕ್ಯೂಮ್ ಪಂಪಿನಲ್ಲಿ ಒಂದೂವರೆ ಲೀಟರ್ ಎಳೆದಾಯ್ತು. ಎಡ ಮುಂದಿನ ನಿಪ್ಪಲ್‌ನಲ್ಲಿ (ಏರ್ ಬಿಡೋ ತಿರುಪು) ಸಣ್ಣ ಗುಳ್ಳೆ ನಿಲ್ಲೋದೇ ಇಲ್ಲ. ಏರ್ ಎಲ್ಲಿಂದ ಬರ್ತಿದೆ?

ಕರಾವಳಿ_ಗ್ಯಾರೇಜ್

ಮಾರಾಯ್ರೆ, ಮೊದಲು ಆ ವ್ಯಾಕ್ಯೂಮ್ ಪಂಪ್ ಬದಿಗಿಡಿ. ನಿಪ್ಪಲ್ ಅರ್ಧ ಸುತ್ತು ಸಡಿಲ ಮಾಡಿದ ಕೂಡಲೇ ಅದರ ತ್ರೆಡ್ಡಿನ ಸುತ್ತ ಸಂದಿ ಆಗ್ತದೆ. ಪಂಪ್ ಎಳೆಯುವುದು ಎಣ್ಣೆ ಮಾತ್ರ ಅಲ್ಲ, ಆ ಸಂದಿಯಿಂದ ಹೊರಗಿನ ಗಾಳಿಯನ್ನೂ ಎಳೀತದೆ. ಹತ್ತು ಲೀಟರ್ ಎಳೆದರೂ ಗುಳ್ಳೆ ಕಾಣ್ತಲೇ ಇರ್ತದೆ. ನಿಪ್ಪಲ್ ಬುಡಕ್ಕೆ ಸುತ್ತಲೂ ದಪ್ಪಕ್ಕೆ ರಬ್ಬರ್ ಗ್ರೀಸ್ ಮೆತ್ತಿ ಮತ್ತೆ ಎಳೆದು ನೋಡಿ. ಗುಳ್ಳೆ ಕಡಿಮೆ ಆದರೆ ಅಷ್ಟು ಏರ್ ಲೈನಿನ ಒಳಗಿನದ್ದಲ್ಲ. ಚಾಸಿ ಗ್ರೀಸ್ ಹಚ್ಚಬೇಡಿ, ಖನಿಜ ಎಣ್ಣೆ ತಾಗಿದರೆ ಸಿಲಿಂಡರ್ ಒಳಗಿನ ರಬ್ಬರ್ ಕಪ್ (ಎಣ್ಣೆ ತಡೆಯುವ ಸೀಲು) ಊದಿಕೊಳ್ತದೆ. ಟೆಫ್ಲಾನ್ ಟೇಪೂ ಬೇಡ. ಅದರ ಚೂರು ನಿಪ್ಪಲ್‌ನ ಸಣ್ಣ ತೂತಿಗೆ ಹೋಗಿ ಕೂತರೆ ಇನ್ನೊಂದು ರಗಳೆ.

ನಟ್ಬೋಲ್ಟ್_ದಾವಣಗೆರೆ

ನೀವು ಹೇಳಿದ್ದರಲ್ಲಿ ಒಂದಲ್ಲ, ಮೂರು ದೂರಿವೆ. ಮೂರಕ್ಕೂ "ಏರ್" ಅಂತ ಒಂದೇ ಹೆಸರಿಟ್ಟು ಎಣ್ಣೆ ಸುರಿಯೋದು ದಂಡ.

ಮೊದಲ ತುಳಿತಕ್ಕೆ ಆಳ, ಎರಡನೇದಕ್ಕೆ ಮೇಲೆ: ಬಹುಪಾಲು ಇದು ಶೂ ಮತ್ತು ಡ್ರಮ್ ನಡುವಿನ ಜಾಗ. ಪಂಪ್ ಮಾಡಿ ಮೇಲೆ ಬಂದ ಮೇಲೂ ಮೆತ್ತಗೆ: ಇದು ಏರ್ ಇರಬಹುದು. ಹೊಸ ಲೈನಿಂಗಿನ (ಶೂ ಮೇಲಿನ ಉಜ್ಜೋ ಪದರ) ಬಾಗು ಡ್ರಮ್ಮಿಗೆ ಹೊಂದದೆ ನಡುವೆ ಮಾತ್ರವೋ ತುದಿಯಲ್ಲಿ ಮಾತ್ರವೋ ತಾಗ್ತಿದ್ದರೂ ಶೂ ಬಗ್ಗಿ ಹೀಗೇ ಅನ್ನಿಸುತ್ತೆ. ಗಂಟೆ ಬಿಟ್ಟ ಮೇಲೆ ಮತ್ತೆ ಇಳಿಯೋದು ಬೇರೆಯೇ ಕಾಯಿಲೆ, ಅದನ್ನು ಕೊನೆಗೆ ನೋಡೋಣ.

ಈಗ ಮಾಡಬೇಕಾದ್ದು ಎರಡು ಪರೀಕ್ಷೆ. ಎರಡಕ್ಕೂ ಎಣ್ಣೆ ಖರ್ಚಿಲ್ಲ.

ಒಂದು. ಹಬ್ ಕ್ಯಾಪ್ ತೆಗೆದು, ಡ್ರಮ್ಮಿನ ತೂತಿಗೆ ಸ್ಕ್ರೂಡ್ರೈವರ್ ಹಾಕಿ ಅಡ್ಜಸ್ಟರ್ (ಶೂ-ಡ್ರಮ್ ನಡುವಿನ ಜಾಗ ಹೊಂದಿಸೋ ತಿರುಪು) ಎಲ್ಲವನ್ನೂ ಚಕ್ರ ಲಾಕ್ ಆಗೋವರೆಗೆ ಬಲಕ್ಕೆ ತಿರುಗಿಸಿ. ಮುಂದಿನ ಒಂದೊಂದು ಡ್ರಮ್ಮಿಗೆ ಎರಡು ಅಡ್ಜಸ್ಟರ್, ಹಿಂದೆ ಒಂದೊಂದು, ಒಟ್ಟು ಆರು. ಮುಂದಿನ ಎರಡನೇ ಅಡ್ಜಸ್ಟರ್ ಮರೆಯೋರೇ ಜಾಸ್ತಿ. ಡ್ರಮ್ ಅರ್ಧ ಸುತ್ತು ತಿರುಗಿಸಿದರೆ ಅದೂ ಅದೇ ತೂತಿಗೆ ಸಿಗುತ್ತೆ. ಎಲ್ಲ ಲಾಕ್ ಆದ ಮೇಲೆ ಪೆಡಲ್ ತುಳಿಯಿರಿ. ಈಗ ಮೊದಲ ತುಳಿತಕ್ಕೇ ಎತ್ತರದಲ್ಲಿ ನಿಂತರೆ ಆಳದ ದೂರು ಅಡ್ಜಸ್ಟ್‌ಮೆಂಟಿನದ್ದು. ಲಾಕ್ ಆದ ಮೇಲೂ ಮೆತ್ತಗಿದ್ದರೆ ಏರ್ ಇರಬಹುದು.

ಎರಡು. ಹೋಸ್ ಕ್ಲಾಂಪ್ ಮೂರು ತನ್ನಿ, ದುಂಡು ಅಂಚಿನದ್ದು. ಮೂರೂ ರಬ್ಬರ್ ಹೋಸ್ ಅದುಮಿ ತುಳಿಯಿರಿ. ಪೆಡಲ್ ಕಲ್ಲಿನ ಥರ ನಿಂತರೆ ಮಾಸ್ಟರ್‌ನಿಂದ ಹೋಸ್‌ವರೆಗಿನ ಲೈನ್ ಚೊಕ್ಕ. ಆಮೇಲೆ ಒಂದೊಂದೇ ಕ್ಲಾಂಪ್ ಬಿಚ್ಚುತ್ತಾ ಬನ್ನಿ. ಯಾವುದನ್ನು ಬಿಚ್ಚಿದಾಗ ಪೆಡಲ್ ಕುಸಿಯುತ್ತೋ ಏರ್ ಆ ಕಡೆ. ನಿಮ್ಮ ಹೋಸ್ ಹೊಸದು, ಪರವಾಗಿಲ್ಲ. ಹಳೇ ಹೋಸನ್ನು ಅದುಮಿದರೆ ಒಳಪದರ ಹರಿದು ಕವಾಟದ ಹಾಗೆ ಎಣ್ಣೆ ತಡೆಯೋದುಂಟು. ವೈಸ್ ಗ್ರಿಪ್ ಹಲ್ಲಿಗೆ ಕೊಟ್ಟರಂತೂ ಹೊಸ ಹೋಸೂ ಹೋಗುತ್ತೆ.

ಎಷ್ಟು ಏರ್ ಇದ್ದರೆ ಎಷ್ಟು ಪೆಡಲ್ ಇಳಿಯುತ್ತೆ ಅನ್ನೋ ಅಂದಾಜಿಗೆ: ಮಾಸ್ಟರ್‌ನ ಬೋರ್ (ಪಿಸ್ಟನ್ ಓಡೋ ಕೊಳವೆ) 7/8 ಇಂಚು ಅಂದರೆ ಪಿಸ್ಟನ್ ವಿಸ್ತೀರ್ಣ ಸುಮಾರು 3.9 ಚದರ ಸೆಂ.ಮೀ. 1 ಸಿಸಿ ಗಾಳಿ 40 ಬಾರ್ ಒತ್ತಡಕ್ಕೆ ಹೆಚ್ಚುಕಡಿಮೆ ಇಲ್ಲವಾಗುತ್ತೆ. ಅದನ್ನು ತುಂಬಲಿಕ್ಕೆ ಪಿಸ್ಟನ್ 2.6 ಮಿ.ಮೀ. ಹೆಚ್ಚು ಓಡಬೇಕು. ಪೆಡಲ್ ಅನುಪಾತ 5:1 ಅಂತ ಹಿಡಿದರೆ ಕಾಲಿನ ಕೆಳಗೆ 13 ಮಿ.ಮೀ., ಅಂದರೆ ಅರ್ಧ ಇಂಚು. ಒಂದೇ ಒಂದು ಸಿಸಿ ಗಾಳಿ ಇಷ್ಟು ಮಾಡುತ್ತೆ.

ಹೊಸಬ_ತುಮಕೂರು

ನಾಲ್ಕೂ ನಿಪ್ಪಲ್ ಬಿಚ್ಚಿ ರಾತ್ರಿ ಹಾಗೇ ಬಿಟ್ಟರೆ ಎಣ್ಣೆ ತಾನಾಗಿ ಇಳಿದು ಏರ್ ಹೋಗಲ್ವಾ? ಬೇರೆ ಗಾಡಿಗಳಿಗೆ ಹಾಗೆ ಮಾಡ್ತಾರಲ್ಲ.

ಲೀಡ್ಸ್_ಕನ್ನಡಿಗ

ಮೈನರ್‌ಗೆ ಅದು ನಡೆಯಲ್ಲ. ಬಾನೆಟ್ ಒಳಗೆ ಎತ್ತರದಲ್ಲಿ ಮಾಸ್ಟರ್ ಇರೋ ಗಾಡಿಗಳಿಗೆ ಸರಿ. ಇದರ ಮಾಸ್ಟರ್ ಡ್ರೈವರ್ ಕಾಲಡಿ, ಚಾಸಿ ಕಂಬಿಯ ಒಳಗೆ ಕೂತಿದೆ. ಎಣ್ಣೆ ಡಬ್ಬಿ ಅದರಲ್ಲೇ ಸೇರಿಕೊಂಡಿದೆ, ಮುಚ್ಚಳ ಕಾರ್ಪೆಟ್ ಕೆಳಗೆ. ಎತ್ತರ ನೋಡಿದರೆ ಹೆಚ್ಚುಕಡಿಮೆ ಚಕ್ರದ ನಡುಮಟ್ಟ. ಇಳಿಯೋಕೆ ಇಳಿಜಾರೇ ಇಲ್ಲ, ಹಾಗಾಗಿ ಎಣ್ಣೆ ತೊಟ್ಟಿಕ್ಕಿದರೂ ಗುಳ್ಳೆಯನ್ನು ತಳ್ಳುವಷ್ಟು ವೇಗ ಬರಲ್ಲ.

ಗುಳ್ಳೆಯನ್ನು ಹೊರಗೆ ಕಳಿಸೋದು ವೇಗ. 3/16 ಇಂಚಿನ ಪೈಪಿನಲ್ಲಿ ಒಂದು ಮೀಟರಿಗೆ ಸುಮಾರು 9 ಸಿಸಿ ಎಣ್ಣೆ ಹಿಡಿಯುತ್ತೆ. ಒಂದು ತುಳಿತಕ್ಕೆ 7-8 ಸಿಸಿ ಹೋದರೆ ಗುಳ್ಳೆ ಮೀಟರಿಗಿಂತ ಕಡಿಮೆ ಮುಂದೆ ಹೋಗುತ್ತೆ. ಹಿಂದಿನ ಚಕ್ರಕ್ಕೆ ಪೈಪ್ ಉದ್ದ. ಐದಾರು ತುಳಿತ ಆದ ಮೇಲೇ ಮಾಸ್ಟರ್ ಹತ್ತಿರದ ಗುಳ್ಳೆ ಚಕ್ರ ಮುಟ್ಟೋದು. ಎರಡು ತುಳಿತ, ಒಂದು ಮಾತು, ಮತ್ತೆ ಎರಡು ತುಳಿತ ಅಂತ ಮಾಡಿದರೆ ಗುಳ್ಳೆ ಪೈಪಿನ ಉಬ್ಬಿಗೆ ಹತ್ತಿ ಅಲ್ಲೇ ಕೂರುತ್ತೆ. ಪ್ರತಿ ಚಕ್ರಕ್ಕೂ ಕನಿಷ್ಠ 10-12 ತುಳಿತ, ನಡುವೆ ನಿಲ್ಲಿಸದೆ.

ಈ ಡಬ್ಬಿ ಚಿಕ್ಕದು, ಬೇಗ ಖಾಲಿ ಆಗುತ್ತೆ. ಪ್ರತಿ 4-5 ತುಳಿತಕ್ಕೆ ಇನ್ನೊಬ್ಬರು ಸಿರಿಂಜಿನಲ್ಲಿ ತುಂಬಿಸ್ತಾ ಇರಬೇಕು. ಒಮ್ಮೆ ಗಾಳಿ ಎಳೆದರೆ ಮೊದಲಿನಿಂದ. ತುಂಬಿಸೋ ಮುಂಚೆ ಮುಚ್ಚಳದ ಸುತ್ತ ಧೂಳು ಒರೆಸಿ, ಇಲ್ಲದಿದ್ದರೆ ಕಾರ್ಪೆಟ್ ಕೆಳಗಿನ ಮಣ್ಣೆಲ್ಲ ಒಳಗೆ. ಮುಚ್ಚಳದ ಸಣ್ಣ ಗಾಳಿತೂತು ತೆರೆದಿದೆಯಾ ಅಂತಲೂ ನೋಡಿ.

ಹುಬ್ಬಳ್ಳಿ_ಲೇತ್

ತುಳಿಯೂ ಮುಂದ ಪೆಡಲ್ ಕೆಳಗ ಒಂದ್ ಕಟಗಿ ತುಂಡ ಇಡ್ರಿ. ಹೊಸಾ ಮಾಸ್ಟರ್ ಇದ್ರ ಅಷ್ಟ ಚಿಂತಿ ಇಲ್ಲ. ಹಳೇದ್ ಇದ್ರ ಬೋರಿನ್ಯಾಗ ದಿನಾ ಪಿಸ್ಟನ್ ಓಡೂ ಜಾಗಾ ಅಷ್ಟ ನುಣಪ ಇರತೈತಿ, ಮುಂದಿಂದೆಲ್ಲ ತುಕ್ಕ. ಬ್ಲೀಡ್ ಮಾಡೂವಾಗ ಪೆಡಲ್ ಪೂರಾ ನೆಲಕ್ಕ ಹೊಡದ್ರ ಕಪ್ಪಿನ ತುಟಿ ಆ ತುಕ್ಕಿನ ಮ್ಯಾಲ ಹಾದು ಸೀಳತೈತಿ. ಬ್ಲೀಡ್ ಮಾಡಿದ ಮ್ಯಾಲ ಬ್ರೇಕ್ ಇನ್ನೂ ಕೆಟ್ಟಿತು ಅನ್ನೋ ಗಾಡಿ ಭಾಳ ಬರತಾವ, ಕಾರಣ ಇದ.

ಪುಶ್ ರಾಡ್ ಸಡಿಲಾನೂ ನೋಡ್ರಿ. ರಾಡ್ ಪಿಸ್ಟನ್ನಿಗೆ ಮುಟ್ಟೂ ಮುಂದ 1/32 ಇಂಚ್ ಆಟ ಇರಬೇಕು. ಅದಿಲ್ಲಂದ್ರ ಕಪ್ ಹಿಂದ ಸರಿಯಂಗಿಲ್ಲ, ಡಬ್ಬಿಗೆ ಹೋಗೂ ಸಣ್ಣ ತೂತ ಮುಚ್ಚೇ ಇರತೈತಿ. ಮಾಸ್ಟರಿನ್ಯಾಗಿನ ಏರ್ ಮ್ಯಾಲ ಬರಾಕ ಹಾದಿನ ಇರಂಗಿಲ್ಲ. ಪರೀಕ್ಷಾ ಸರಳ: ಮುಚ್ಚಳ ತಗದು ಟಾರ್ಚ್ ಬಿಟ್ಟು ನೋಡ್ರಿ, ಪೆಡಲ್ ಒಂದೀಟ ಒತ್ತಿದ್ ಕೂಡ್ಲೆ ಡಬ್ಬಿಯೊಳಗ ಎಣ್ಣಿ ಸಣ್ಣಗ ಚಿಮ್ಮಬೇಕು. ಚಿಮ್ಮಲಿಲ್ಲ ಅಂದ್ರ ತೂತ ಮುಚ್ಚೇತಿ. ಮಾರಿ ಹತ್ರ ಒಯ್ಯಬ್ಯಾಡ್ರಿ, ಕಣ್ಣಿಗೆ ಬಿದ್ದೀತು.

ಮೈನರ್_59_ಮೈಸೂರು

ಎಲ್ಲ ಮಾಡಿದೆ. ಫಲಿತಾಂಶ:

ಪುಶ್ ರಾಡ್ ಆಟ ಸರಿ ಇದೆ, ಡಬ್ಬಿಯಲ್ಲಿ ಎಣ್ಣೆ ಚಿಮ್ಮುತ್ತೆ. ನಿಪ್ಪಲ್‌ಗೆ ಗ್ರೀಸ್ ಮೆತ್ತಿದ ಮೇಲೆ ವ್ಯಾಕ್ಯೂಮ್‌ನಲ್ಲಿ ಗುಳ್ಳೆ ನಿಂತೇ ಹೋಯ್ತು. ಅಂದರೆ ಇಷ್ಟು ದಿನ ನೋಡಿದ್ದು ಹೊರಗಿನ ಗಾಳಿ. ಆರೂ ಅಡ್ಜಸ್ಟರ್ ಲಾಕ್ ಮಾಡಿದರೆ ಪೆಡಲ್ ಎತ್ತರ, ಆದರೂ ಸ್ವಲ್ಪ ಸ್ಪಂಜು. (ಮುಂದಿನ ಎರಡನೇ ಅಡ್ಜಸ್ಟರ್ ಎರಡೂ ಕಡೆ ಪೂರ್ತಿ ಸಡಿಲ ಇದ್ದವು.) ಮೂರೂ ಹೋಸ್ ಅದುಮಿದರೆ ಪೆಡಲ್ ಕಲ್ಲು. ಹಿಂದಿನದು ಬಿಚ್ಚಿದೆ, ವ್ಯತ್ಯಾಸ ಇಲ್ಲ. ಬಲ ಮುಂದಿನದು ಬಿಚ್ಚಿದೆ, ವ್ಯತ್ಯಾಸ ಇಲ್ಲ. ಎಡ ಮುಂದಿನದು ಬಿಚ್ಚಿದ ತಕ್ಷಣ ಒಂದು ಇಂಚು ಕುಸಿಯಿತು.

ನಟ್ಬೋಲ್ಟ್_ದಾವಣಗೆರೆ

ಒಂದು ಇಂಚು ಅಂದರೆ ಮೇಲಿನ ಲೆಕ್ಕದಲ್ಲಿ ಸುಮಾರು 2 ಸಿಸಿ ಗಾಳಿ ಎಡ ಮುಂದಿನ ಚಕ್ರದಲ್ಲಿ ಕೂತಿದೆ. ಚಕ್ರ ತೆಗೆದು ಬ್ಯಾಕ್ ಪ್ಲೇಟ್ ಹಿಂದೆ ನೋಡಿ. ಎರಡು ಸಿಲಿಂಡರಿಗೂ ನಡುವೆ ಒಂದು ಸಣ್ಣ ಸೇತುವೆ ಪೈಪ್ ಇರುತ್ತೆ. ನಿಪ್ಪಲ್ ಇರೋ ಸಿಲಿಂಡರ್ ಎತ್ತರದಲ್ಲಿದೆಯೋ ತಗ್ಗಿನಲ್ಲಿದೆಯೋ? ಬಲ ಚಕ್ರದ ಜೊತೆ ಹೋಲಿಸಿ ಹೇಳಿ.

ಮೈನರ್_59_ಮೈಸೂರು

ಬಲಗಡೆ ನಿಪ್ಪಲ್ ಎತ್ತರದಲ್ಲಿದೆ. ಎಡಗಡೆ ತಗ್ಗಿನಲ್ಲಿ. ಎರಡು ಸಿಲಿಂಡರ್ ಅದಲು ಬದಲಾಗಿ ಕೂತಿವೆ.

ನಟ್ಬೋಲ್ಟ್_ದಾವಣಗೆರೆ

ಸಿಕ್ಕಿತಲ್ಲ. ಎಣ್ಣೆ ಮೇಲಿನ ಸಿಲಿಂಡರಿಗೆ ಬಂದು, ಸೇತುವೆಯಲ್ಲಿ ಇಳಿದು, ಕೆಳಗಿನ ನಿಪ್ಪಲ್‌ನಿಂದ ಆಚೆ ಹೋಗ್ತಿದೆ. ಮೇಲಿನ ಸಿಲಿಂಡರಿನ ಗಾಳಿ ಅಲ್ಲೇ ಆರಾಮಾಗಿ ತೇಲ್ತಿದೆ. ಅದರ ಕೆಳಗೆ ನೀವು ಒಂದೂವರೆ ಲೀಟರ್ ಹರಿಸಿದ್ದೀರಿ.

ಸರಿಯಾದ ದಾರಿ ಎರಡನ್ನೂ ಬಿಚ್ಚಿ ಜಾಗ ಬದಲಿಸೋದು. ಹೋಸ್ ಬಿಚ್ಚುವಾಗ ಚಕ್ರದ ಕಡೆಯ ತುದಿ ಮೊದಲು ತಿರುಗಿಸಬೇಡಿ, ರಬ್ಬರ್ ಹುರಿ ಬಿದ್ದು ಒಳಗೆ ಹರಿಯುತ್ತೆ. ಮೊದಲು ಕಬ್ಬಿಣದ ಪೈಪಿನ ನಟ್, ಆಮೇಲೆ ಚಾಸಿ ಬ್ರಾಕೆಟ್ಟಿನ ನಟ್, ಕೊನೆಗೆ ಇಡೀ ಹೋಸನ್ನೇ ಸಿಲಿಂಡರಿನಿಂದ ತಿರುಗಿಸಿ ತೆಗೀರಿ. ಪೈಪ್ ನಟ್ಟಿಗೆ ಬಾಯಿ ತೆರೆದ ಪಾನಾ ಬೇಡ, ಮೂಲೆ ಸವೆಯುತ್ತೆ. ಫ್ಲೇರ್ ಸ್ಪ್ಯಾನರ್ (ನಟ್ಟನ್ನು ಸುತ್ತ ಹಿಡಿಯೋ ಪಾನಾ), ಅದೂ ಇಂಚಿನ ಅಳತೆಯದ್ದು. ಹೋಸ್ ಕೂರೋ ಕಡೆ ತಾಮ್ರದ ವಾಷರ್ ಹೊಸದು ಹಾಕಿ. ಹಳೆಯದನ್ನೇ ಹಾಕೋದಾದರೆ ಕೆಂಪಗೆ ಕಾಯಿಸಿ ನೀರಿಗೆ ಹಾಕಿ ಮೆತ್ತಗೆ ಮಾಡಿಕೊಳ್ಳಿ.

ಬ್ಲೀಡ್ ಮಾಡುವಾಗ ಈ ಚಕ್ರದ ಎರಡು ಅಡ್ಜಸ್ಟರೂ ಲಾಕ್ ಆಗಿರಲಿ. ಪಿಸ್ಟನ್ ಪೂರ್ತಿ ಒಳಗಿದ್ದರೆ ಸಿಲಿಂಡರಿನಲ್ಲಿ ಗಾಳಿ ಕೂರೋ ಜಾಗವೇ ಕಡಿಮೆ. ನಿಪ್ಪಲ್‌ಗೆ ಪಾರದರ್ಶಕ ಟ್ಯೂಬ್, ಅದರ ತುದಿ ಬಾಟಲಿಯ ಎಣ್ಣೆಯಲ್ಲಿ ಮುಳುಗಿರಬೇಕು. ನಿಪ್ಪಲ್ ಮುಕ್ಕಾಲು ಸುತ್ತು ಬಿಚ್ಚಿ, ಜೋರಾಗಿ ತುಳಿದು, ಕೆಳಗೆ ಹಿಡಿದು, ನಿಪ್ಪಲ್ ಮುಚ್ಚಿ, ನಿಧಾನ ಬಿಡಿ, ಎರಡು ಸೆಕೆಂಡ್ ಕಾಯಿರಿ. ಎಡ ಹಿಂದೆ, ಬಲ ಹಿಂದೆ, ಎಡ ಮುಂದೆ, ಬಲ ಮುಂದೆ ಈ ಕ್ರಮ.

ಡ್ರಮ್ ತೆಗೆದಾಗ ಕಂಪ್ರೆಸರ್ ಗಾಳಿ ಹೊಡೀಬೇಡಿ. ಈ ಕಾಲದ ಗಾಡಿಯ ಹಳೇ ಲೈನಿಂಗಿನ ಧೂಳಲ್ಲಿ ಆಸ್ಬೆಸ್ಟಾಸ್ ಇರುತ್ತೆ. ಒದ್ದೆ ಬಟ್ಟೆಯಲ್ಲಿ ಒರೆಸಿ ಎಸೆಯಿರಿ.

ಹೊಸಬ_ತುಮಕೂರು

ಸಿಲಿಕೋನ್ ಎಣ್ಣೆ, ಡಾಟ್ 5 ಹಾಕಿದರೆ ಪೇಂಟೂ ಕಿತ್ತು ಹೋಗಲ್ಲ, ನೀರೂ ಹೀರಲ್ಲ ಅಂತಾರೆ. ಹೇಗಿದ್ದರೂ ಎಲ್ಲ ಹೊಸದಲ್ವಾ, ಈಗಲೇ ಬದಲಿಸಬಹುದಾ ಸಾರ್?

ಕರಾವಳಿ_ಗ್ಯಾರೇಜ್

ಏರ್ ತೆಗೆಯುವ ಗಲಾಟೆಯ ನಡುವೆ ಅದು ಬೇಡವೇ ಬೇಡ. ಸಿಲಿಕೋನ್ ಎಣ್ಣೆ ಸಣ್ಣ ಗುಳ್ಳೆಗಳನ್ನು ಹಿಡಿದಿಟ್ಟುಕೊಳ್ತದೆ. ಡಬ್ಬ ಅಲ್ಲಾಡಿಸಿ ಸುರಿದರೂ ಸಾಕು, ದಿನಗಟ್ಟಲೆ ಪೆಡಲ್ ಮೆತ್ತಗೆ. ಡಾಟ್ 4 ಜೊತೆ ಬೆರೆಯುವುದೂ ಇಲ್ಲ. ಹಾಕಲೇಬೇಕಾದರೆ ಒಣ ಸಿಸ್ಟಮ್ಮಿಗೆ, ಗೋಡೆಯಲ್ಲಿ ಜಾರಿಸಿದ ಹಾಗೆ ನಿಧಾನ ಸುರಿಯಬೇಕು.

ನಮ್ಮ ಕಡೆಯವರಿಗೆ ಇನ್ನೊಂದು ಮಾತು. ಊರೊಳಗೆ ಪೆಡಲ್ ಸರಿ ಉಂಟು, ಆಗುಂಬೆಯೋ ಚಾರ್ಮಾಡಿಯೋ ಇಳಿಯುವಾಗ ಮಾತ್ರ ಮೆತ್ತಗಾಗಿ, ಕೆಳಗೆ ಬಂದು ತಣ್ಣಗಾದ ಮೇಲೆ ಮತ್ತೆ ಸರಿ ಅಂತಾದರೆ ಅದು ಏರ್ ಅಲ್ಲ. ಎಣ್ಣೆ ಹೀರಿದ ನೀರು ಕುದಿಯುವುದು. ಡಾಟ್ 4 ಹೊಸತಿರುವಾಗ 230 ಡಿಗ್ರಿವರೆಗೆ ತಡೆದುಕೊಳ್ಳಬೇಕು, ನೀರು ಹೀರಿದ ಮೇಲೆ ಅದರ ಮಟ್ಟ 155. ಡಾಟ್ 3ಕ್ಕೆ 205 ಮತ್ತು 140. ಕರಾವಳಿಯ ಮಳೆಗಾಲದಲ್ಲಿ ಮುಚ್ಚಳ ತೆರೆದಿಟ್ಟ ಡಬ್ಬದ ಎಣ್ಣೆ ಗಾಡಿಗೆ ಹಾಕಲೇಬಾರದು. ಇದಕ್ಕೆ ಮದ್ದು ಎರಡು ವರ್ಷಕ್ಕೊಮ್ಮೆ ಹೊಸ ಎಣ್ಣೆ, ಮತ್ತೆ ಘಾಟಿಯಲ್ಲಿ ಎರಡನೇ ಗೇರು.

ಮೈನರ್_59_ಮೈಸೂರು

ಸಿಲಿಂಡರ್ ಜಾಗ ಬದಲಿಸಿ ಬ್ಲೀಡ್ ಮಾಡಿದೆ. ಎಡ ಮುಂದಿನಿಂದ ಮೊದಲ ಎರಡು ತುಳಿತಕ್ಕೇ ದೊಡ್ಡ ಗುಳ್ಳೆ ಬುಳಕ್ ಅಂತ ಬಂತು, ಆಮೇಲೆ ಬರೀ ಎಣ್ಣೆ. ಅಡ್ಜಸ್ಟರ್ ಎಲ್ಲ ಲಾಕ್‌ನಿಂದ ಒಂದೊಂದು ಕಚ್ಚು ಹಿಂದಕ್ಕೆ ಬಿಟ್ಟಿದ್ದೇನೆ, ಚಕ್ರ ಸಲೀಸಾಗಿ ತಿರುಗುತ್ತೆ. ಪೆಡಲ್ ಈಗ ಮೊದಲ ತುಳಿತಕ್ಕೇ ಗಟ್ಟಿ.

ಆದರೆ ಮೂರನೇ ದೂರು ಹಾಗೇ ಇದೆ. ಬೆಳಿಗ್ಗೆ ಬಂದು ತುಳಿದರೆ ಸ್ವಲ್ಪ ಆಳ, ಸ್ವಲ್ಪ ಸ್ಪಂಜು. ಬ್ಲೀಡ್ ಮಾಡಿದರೆ ಹಿಂದಿನ ಎರಡು ಚಕ್ರದಲ್ಲೂ ಸಾಸಿವೆ ಕಾಳಿನಷ್ಟು ಗುಳ್ಳೆ. ಯೂನಿಯನ್‌ಗಳಿಗೆಲ್ಲ ಚಾಕ್ ಪುಡಿ ಹಚ್ಚಿ ನೋಡಿದೆ, ಎಲ್ಲೂ ಒದ್ದೆ ಇಲ್ಲ.

ಲೀಡ್ಸ್_ಕನ್ನಡಿಗ

ಎಣ್ಣೆ ಹೊರಗೆ ಬರಲ್ಲ, ಗಾಳಿ ಒಳಗೆ ಹೋಗುತ್ತೆ ಅಂದರೆ ಮೊದಲು ಅನುಮಾನಿಸಬೇಕಾದ್ದು ಮಾಸ್ಟರ್ ತುದಿಯ ಚೆಕ್ ವಾಲ್ವ್. ವೀಲ್ ಸಿಲಿಂಡರಿನ ಕಪ್ ಒಮ್ಮುಖ. ಒಳಗಿನ ಒತ್ತಡಕ್ಕೆ ಅದರ ತುಟಿ ಅಗಲಿಸಿ ಬೋರಿಗೆ ಅಂಟುತ್ತೆ, ಎಣ್ಣೆ ಬಿಡಲ್ಲ. ಪೆಡಲ್ ಫಕ್ಕನೆ ಬಿಟ್ಟಾಗ ಲೈನಿನಲ್ಲಿ ಕ್ಷಣಮಾತ್ರ ಎಳೆತ ಹುಟ್ಟುತ್ತೆ. ಆಗ ತುಟಿ ಒಳಕ್ಕೆ ಮಡಚಿ ಹೊರಗಿನ ಗಾಳಿ ನುಸುಳುತ್ತೆ. ಇದಾಗದಿರಲಿ ಅಂತಲೇ ಡ್ರಮ್ ಬ್ರೇಕಿನ ಮಾಸ್ಟರ್‌ನಲ್ಲಿ ಒಂದು ಕವಾಟ ಇಟ್ಟು, ಪೆಡಲ್ ಬಿಟ್ಟ ಮೇಲೂ ಲೈನಿನಲ್ಲಿ ಸುಮಾರು 8-10 ಪಿಎಸ್‌ಐ (ಒತ್ತಡದ ಅಳತೆ) ಉಳಿಸ್ತಾರೆ.

ಪರೀಕ್ಷೆ: ಐದಾರು ಸಲ ತುಳಿದು ಕಾಲು ತೆಗೆಯಿರಿ. ಐದು ಸೆಕೆಂಡ್ ಬಿಟ್ಟು, ಪೆಡಲ್ ಮುಟ್ಟದೆ, ಒಂದು ಹಿಂದಿನ ನಿಪ್ಪಲ್ ಬಿಚ್ಚಿ. ಟ್ಯೂಬಿನಲ್ಲಿ ಎಣ್ಣೆ ಚಿಕ್ಕದಾಗಿ ಚಿಮ್ಮಿದರೆ ವಾಲ್ವ್ ಇದೆ. ಸುಮ್ಮನೆ ಒಸರಿದರೆ ಇಲ್ಲ.

ಮೈನರ್_59_ಮೈಸೂರು

ಒಸರಿತು ಅಷ್ಟೆ. ಮೂರು ಸಲ ನೋಡಿದೆ. ಮಾಸ್ಟರ್ ಬಿಲ್ ತೆಗೆದು ನೋಡಿದರೆ "ಡಿಸ್ಕ್ ಕನ್ವರ್ಷನ್‌ಗೆ" ಅಂತ ಬರೆದಿದೆ, ಅಂದರೆ ಡ್ರಮ್ ಬದಲು ಡಿಸ್ಕ್ ಬ್ರೇಕ್ ಹಾಕಿದ ಗಾಡಿಗೆ.

ನಟ್ಬೋಲ್ಟ್_ದಾವಣಗೆರೆ

ಹಾಗಾದರೆ ಮಾತೇ ಇಲ್ಲ. ಡಿಸ್ಕ್‌ಗೆ ಲೈನಿನಲ್ಲಿ 8-10 ಪಿಎಸ್‌ಐ ಉಳಿದರೆ ಪ್ಯಾಡ್ ಉಜ್ಜುತ್ತೆ ಅಂತ ಆ ವಾಲ್ವ್ ತೆಗೆದೇ ಮಾರ್ತಾರೆ. ಮಾಸ್ಟರ್ ಇಳಿಸಿ ವಾಲ್ವ್ ಮತ್ತು ಅದರ ರಬ್ಬರ್ ಸೀಟ್ ಹಾಕಿ.

ಲೀಡ್ಸ್_ಕನ್ನಡಿಗ

ಇಳಿಸೋದು ಸುಲಭ ಅಲ್ಲ. ಮಾಸ್ಟರ್ ಹಿಡಿದಿರೋ ಎರಡು ಬೋಲ್ಟ್ ಹೊರಗೆ ಎಳೆಯೋಕೆ ಟಾರ್ಷನ್ ಬಾರ್ (ಮುಂದಿನ ಚಕ್ರಕ್ಕೆ ಸ್ಪ್ರಿಂಗಿನ ಕೆಲಸ ಮಾಡೋ ಸರಳು) ಅಡ್ಡ. ಬಾರ್ ಬಿಡಿಸಿ ಸರಿಸಬೇಕು. ಲೈನಿನ ನಡುವೆ ಹಾಕೋ 10 ಪಿಎಸ್‌ಐ ವಾಲ್ವ್ ಬೇರೆಯಾಗಿ ಸಿಗುತ್ತೆ, ಸಾಮಾನ್ಯವಾಗಿ ಕೆಂಪು ಬಣ್ಣದ್ದು. ನೀಲಿ 2 ಪಿಎಸ್‌ಐ, ಅದು ಡಿಸ್ಕ್‌ಗೆ. ಮಾಸ್ಟರ್ ಹತ್ತಿರ ಒಂದು ಹಾಕಿದರೆ ನಾಲ್ಕೂ ಚಕ್ರಕ್ಕೆ ಸಾಕು.

ಹುಬ್ಬಳ್ಳಿ_ಲೇತ್

ಅದರ ತ್ರೆಡ್ ಬ್ಯಾರೆ, ಮೈನರ್ ಪೈಪಿನ ತ್ರೆಡ್ ಬ್ಯಾರೆ. ಎರಡೂ ಕಡೆ ಅಡಾಪ್ಟರ್ ಹಾಕಬೇಕು, ಪೈಪಿನ ತುದಿ ಅಗಲಿಸಿ ಹೊಸಾ ಫ್ಲೇರ್ ಮಾಡಬೇಕು. ಅಲ್ಲಿಗೆ ನಾಕ್ ಜಾಯಿಂಟ್ ಹೆಚ್ಚಾತು, ಏರ್ ಎಳಿಯಾಕ ನಾಕ್ ಹೊಸಾ ಜಾಗಾ. ಏರ್ ಹುಡುಕಾಕ ಹ್ವಾದವರು ಏರಿಗೆ ಬಾಗಲಾ ತಗದಂಗ. ಇಳಿಸೂದ ಛಲೋ ನೋಡ್ರಿ.

ಇಳಿಸಿದ್ರ ಬೋರಿನ ತಳಾ ಚಂದಂಗ ನೋಡ್ರಿ. ಹಳೇ ಮಾಸ್ಟರಿನ್ಯಾಗಿಂದ ವಾಲ್ವ್ ತಗದ ಹಾಕೋರಿದ್ರ ರಬ್ಬರ್ ಸೀಟ್ ತಳಕ್ಕ ಅಂಟಿಕೊಂಡ ಕೂತಿರತೈತಿ, ಕಾಣಂಗಿಲ್ಲ. ಅದರ ಮ್ಯಾಲ ಹೊಸಾದೊಂದ ಹಾಕಿ ಎರಡಾದ್ರ ಸ್ಪ್ರಿಂಗ್ ಬಿಗಿ ಆಗತೈತಿ, ಬ್ರೇಕ್ ಬಿಡಂಗಿಲ್ಲ. ಬ್ಯಾಂಜೋ ಬೋಲ್ಟಿಗೆ (ಪೈಪ್ ಜೋಡಸೂ, ಒಳಗ ತೂತ ಇರೂ ಬೋಲ್ಟ್) ಎರಡೂ ಬದಿ ತಾಮ್ರದ ವಾಷರ್ ಬೇಕು. ಒಂದಕ್ಕೊಂದು ಅಳತಿ ಬ್ಯಾರೆ ಇರತಾವ, ಅದಲು ಬದಲ ಮಾಡಬ್ಯಾಡ್ರಿ.

ಕರಾವಳಿ_ಗ್ಯಾರೇಜ್

ಮಾಸ್ಟರನ್ನು ಗಾಡಿಗೆ ಕೂರಿಸುವ ಮೊದಲು ವೈಸಿನಲ್ಲಿ ಹಿಡಿದು, ಎಣ್ಣೆ ತುಂಬಿ, ಎಣ್ಣೆ ಹೊರಡುವ ಹೊರಬಾಯಿಂದ ಡಬ್ಬಿಗೆ ಒಂದು ತುಂಡು ಟ್ಯೂಬ್ ಬಗ್ಗಿಸಿ ಬಿಟ್ಟು, ಪಿಸ್ಟನ್ ಮೆಲ್ಲ ಒತ್ತುತ್ತಾ ಇರಿ. ಗುಳ್ಳೆ ನಿಲ್ಲುವವರೆಗೆ 15-20 ಸಲ ಬೇಕಾದೀತು. ಹೊರಬಾಯಿ ಸ್ವಲ್ಪ ಮೇಲೆ ಓರೆ ಇರಲಿ. ಗಾಡಿಗೆ ಹಾಕಿದ ಮೇಲೆ ಅಲ್ಲಿ ಸಿಕ್ಕ ಏರ್ ತೆಗೆಯುವುದು ದೊಡ್ಡ ತಲೆನೋವು. ಬ್ರೇಕ್ ಲೈಟ್ ಸ್ವಿಚ್ಚಿನ ಯೂನಿಯನ್ ಕೂಡ ಒಮ್ಮೆ ಸಡಿಲಿಸಿ, ಒಬ್ಬರು ಪೆಡಲ್ ಒತ್ತುವಾಗ ಎಣ್ಣೆ ಒಸರಿಸಿ ಬಿಗಿ ಮಾಡಿ. ಆ ಸ್ವಿಚ್ ಎಣ್ಣೆಯ ಒತ್ತಡದಿಂದ ಕೆಲಸ ಮಾಡುವಂಥದ್ದು, ಅದರ ಕುಳಿಯಲ್ಲೂ ಗಾಳಿ ಕೂರ್ತದೆ. ಕೆಳಗೆ ವೇಸ್ಟ್ ಬಟ್ಟೆ ಹಿಡಿಯಿರಿ, ಪೇಂಟಿಗೆ ಬಿದ್ದರೆ ಕೂಡಲೇ ನೀರು ಹಾಕಿ ತೊಳೆಯಿರಿ.

ಮೈನರ್_59_ಮೈಸೂರು

ಕೆಲಸ ಮುಗಿದ ವರದಿ.

ಟಾರ್ಷನ್ ಬಾರ್ ಬಿಡಿಸಿ ಮಾಸ್ಟರ್ ಇಳಿಸಿದೆ. ಬಿಡಿಸೋ ಮುಂಚೆ ಬಾರಿನ ಸ್ಪ್ಲೈನ್ (ತುದಿಯ ಹಲ್ಲು) ಮತ್ತು ಅದರ ಲೀವರ್ ಎರಡರ ಮೇಲೂ ಒಂದೇ ಗೆರೆ ಕೊರೆದು ಗುರುತು ಮಾಡಿದ್ದೆ, ಇಲ್ಲದಿದ್ದರೆ ಗಾಡಿಯ ಎತ್ತರ ಬದಲಾಗುತ್ತಿತ್ತು. ಒಳಗೆ ವಾಲ್ವ್ ಇರಲೇ ಇಲ್ಲ. ಹೊಸ ವಾಲ್ವ್, ಹೊಸ ಸೀಟ್ ಹಾಕಿ, ವೈಸಿನಲ್ಲೇ ಏರ್ ತೆಗೆದು ಕೂರಿಸಿದೆ. ಬ್ಲೀಡ್‌ಗೆ ಖರ್ಚಾದದ್ದು 400 ಮಿ.ಲೀ.

ಚಿಮ್ಮೋ ಪರೀಕ್ಷೆ ಸರಿ ಬಂತು. ಜೋರಾಗಿ ಒತ್ತಿ ಒಂದು ನಿಮಿಷ ಹಿಡಿದರೆ ಪೆಡಲ್ ಇಳಿಯಲ್ಲ. ಎರಡು ರಾತ್ರಿ ಬಿಟ್ಟು ಬೆಳಿಗ್ಗೆ ತುಳಿದರೂ ಮೊದಲ ತುಳಿತಕ್ಕೇ ಗಟ್ಟಿ. ಖಾಲಿ ರಸ್ತೆಯಲ್ಲಿ 20ರ ವೇಗದಿಂದ ಶುರು ಮಾಡಿ ನೋಡಿದೆ, ಯಾವ ಕಡೆಗೂ ಎಳೆಯಲ್ಲ. ನಾಲ್ಕೂ ಡ್ರಮ್ ಮುಟ್ಟಿ ನೋಡಿದರೆ ಒಂದೇ ಬಿಸಿ.

ಮಾಸ್ಟರ್ ಬೋಲ್ಟ್ ಎರಡನ್ನೂ ಈ ಸಲ ತಿರುಗಿಸಿ ಹಾಕಿದ್ದೇನೆ, ನಟ್ ಟಾರ್ಷನ್ ಬಾರ್ ಕಡೆಗೆ. ಮುಂದಿನ ಸಲ ಬಾರ್ ಮುಟ್ಟದೆ ಬಿಚ್ಚಬಹುದು.

ಹುಬ್ಬಳ್ಳಿ_ಲೇತ್

ಛಲೋ ಆತ್ರಿ. ಐನೂರು ಕಿಲೋಮೀಟರ್ ಓಡಿದ ಮ್ಯಾಲ ಅಡ್ಜಸ್ಟರ್ ಇನ್ನೊಮ್ಮಿ ನೋಡ್ರಿ, ಹೊಸಾ ಲೈನಿಂಗ್ ಕೂತಂಗ ಜಾಗಾ ಬಿಡತೈತಿ. ಆರೂ ನೋಡ್ರಿ ಮತ್ತ.